ಪೆಟ್ರೋಲ್ ಪೈಪಿಗೆ ಬಟ್ಟೆ ಕ್ಲಿಪ್ಪು

ಕ್ವಾರ್ನ್, ದಕ್ಷಿಣ ಆಸ್ಟ್ರೇಲಿಯಾ
೧೧ ಫೆಬ್ರವರಿ ೧೯೯೪

ಪ್ರೀತಿಯ ಗ್ಲೆನಿಸ್,

ಪರ್ತ್ ತಲುಪಿದ ಮೇಲೆ ಬೆನ್ನುನೋವು ಹೇಗಿದೆ? ಮಕ್ಕಳು ಸರಿಯಾಗಿ ಉಣ್ಣುತ್ತಿದ್ದಾರೆಯೇ? ನಾನು ಇದ್ದೇನೆ, ಅಷ್ಟೆ. ಒಗೆದ ಅಂಗಿಗಳನ್ನು ಕ್ಲಿಪ್ಪಿಲ್ಲದೆ ಬೇಲಿಯ ಮೇಲೆ ಹರವುತ್ತೇನೆ. ಗಾಳಿ ಬಂದರೆ ಪಕ್ಕದ ಮನೆಯ ಮರ್ವ್‌ನ ಅಂಗಳಕ್ಕೆ ಹೋಗಿ ಬೀಳುತ್ತವೆ, ಪಾಪ, ಅವನೇ ತಂದುಕೊಡುತ್ತಾನೆ.

ಅಮ್ಮನನ್ನು ಮಣ್ಣು ಮಾಡಿದ ದಿನ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. "ಮರ್ವ್ ಎ.ಸಿ. ಕಾರು ಕೊಡ್ತೀನಿ ಅಂದ್ರೂ ಆ ಡಬ್ಬಾನೇ ಬೇಕಿತ್ತಾ ನಿಂಗೆ? ನಾನಿಲ್ಲಿ ಅಮ್ಮಂಗೆ ಹಾಸಿಗೆ ಹಾಸಿಟ್ಟು ಬಾಗಿಲಲ್ಲೇ ನಿಂತಿದ್ದೆ ಅಪ್ಪಾ." ಅಡಿಲೇಡಿನ ಡಾಕ್ಟರು ಕೈಚೆಲ್ಲಿದಾಗ ನಿನ್ನ ಅಮ್ಮ ಕೇಳಿದ್ದು ಎರಡೇ: ಸಾಯುವುದಾದರೆ ನನ್ನ ಮನೆಯಲ್ಲಿ, ಹೋಗುವುದಾದರೆ ನಮ್ಮ ಮುದುಕಿಯಲ್ಲಿ. ಆ ಹಳೇ ಗಾಡಿಗೆ ಹೆಸರಿಟ್ಟವಳೂ ಅವಳೇ ಅಲ್ಲವೇ.

ಮುದುಕಿಯ ಕಾಯಿಲೆ ನಿನಗೆ ಗೊತ್ತು. ಬೇಸಿಗೆಯಲ್ಲಿ ಹಾರಕ್ಸ್ ಘಾಟಿ ಹತ್ತಿದರೆ ಬಾನೆಟ್ಟಿನೊಳಗೆ ಉರಿವ ಒಲೆ. ಪೈಪಿನಲ್ಲೇ ಪೆಟ್ರೋಲು ಆವಿಯಾಗಿ, ಕಾರ್ಬೋರೇಟರಿಗೆ ಹನಿಯೂ ಸಿಗದೆ, ಆ ಪೆಪ್ಪರ್ ಮರದ ಹತ್ತಿರ ಕೆಮ್ಮಿ ಕೆಮ್ಮಿ ನಿಲ್ಲುತ್ತಿದ್ದಳು. ಅಮ್ಮ ಇಳಿದು ಪೈಪಿನುದ್ದಕ್ಕೂ ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಸಿಕ್ಕಿಸಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ನೆರಳಿನಲ್ಲಿ ಚಹಾದ ಫ್ಲಾಸ್ಕು ಬಿಚ್ಚುತ್ತಿದ್ದಳು. ಕ್ಲಿಪ್ಪಿನಿಂದ ಶಾಖ ಇಳಿಯುತ್ತದೆಯೇ ಎಂದು ನಾನು ನಕ್ಕರೆ, "ನಿನ್ನ ಬಾಯಿ ಮುಚ್ಚತ್ತಲ್ಲ, ಸಾಕು, ಕುಡಿ" ಎನ್ನುತ್ತಿದ್ದಳು.

ಅಡಿಲೇಡಿನಿಂದ ಅಮ್ಮನನ್ನು ಕರೆತರುವಾಗ ಈ ಸಲ ನಿಲ್ಲಲೇಬಾರದೆಂದು ಜನವರಿಯೆಲ್ಲ ಶೆಡ್ಡಿನಲ್ಲೇ ಕಳೆದೆ. ಪೈಪನ್ನು ಇಂಜಿನ್ನಿನಿಂದ ದೂರ ಸರಿಸಿದೆ. ಹೊಗೆ ಕೊಳವೆಗೆ ಶಾಖ ತಡೆಯುವ ಪಟ್ಟಿ ಸುತ್ತಿದೆ. ಟ್ಯಾಂಕಿನ ಪಕ್ಕ ಕರೆಂಟಿನ ಪಂಪು ಕೂರಿಸಿದರೆ ಒತ್ತಡ ಹೆಚ್ಚಾಗಿ ಕಾರ್ಬೋರೇಟರೇ ಉಕ್ಕಿತು; ಆಮೇಲೆ ರೆಗ್ಯುಲೇಟರ್ ಹಾಕಿ, ಮೀಟರು ನೋಡುತ್ತಾ, ಕೂದಲೆಳೆಯಷ್ಟೇ ತಿರುಗಿಸುತ್ತಾ ಹದಕ್ಕೆ ತಂದೆ. ಇಷ್ಟೆಲ್ಲ ಮಾಡಿಯೂ ಮುದುಕಿ ಅದೇ ಮರದ ಕೆಳಗೆ ನಿಂತಳು, ಅಮ್ಮ ಅಲ್ಲೇ ಹೋದಳು. ಮನೆ ಒಂದು ಗಂಟೆಯ ದಾರಿಯೂ ಇರಲಿಲ್ಲ. ನನ್ನ ಎದೆ ಒಡೆದುಹೋಗಿದೆ ಮಗಳೇ. ನೀನೂ ಮಾತು ಬಿಟ್ಟರೆ ನನಗೆ ಇನ್ಯಾರಿದ್ದಾರೆ?

ಮುದುಕಿಯನ್ನು ಮಾರಿಬಿಡು ಎಂದಿದ್ದೆ ನೀನು. ಕೊಳ್ಳುವವನು ಬಂದಿದ್ದ, ವಾಪಸು ಕಳಿಸಿದೆ. ಮಕ್ಕಳಿಗೆ ನನ್ನ ಮುತ್ತು ಕೊಡು, ಅಳಿಯನನ್ನು ಕೇಳಿದೆನೆಂದು ಹೇಳು. ಎಲ್ಲರೂ ತಣ್ಣಗಿರಿ.

ನಿನ್ನ ಅಪ್ಪ,
ಕ್ಲಾರಿ

ಮತ್ತೆ: ಟಪಾಲು ಹೊರಡುವ ಹೊತ್ತಾಯಿತು, ಆದರೆ ಇದನ್ನು ಹೇಳದೆ ಲಕೋಟೆ ಅಂಟಿಸಲಾರೆ. ಅಂದು ಮುದುಕಿ ಕೆಟ್ಟು ನಿಲ್ಲಲಿಲ್ಲ. ಘಾಟಿಯನ್ನು ಹೂವೆತ್ತಿದಂತೆ ಹತ್ತಿದಳು. ಮರ ಕಂಡದ್ದೇ ಅಮ್ಮ, "ನಿಲ್ಸೋ ಕ್ಲಾರಿ. ಯಾವಾಗ್ಲೂ ನಿಲ್ತಿದ್ವಲ್ಲ" ಅಂದಳು. ಗ್ಲೆನಿಸ್ ಕಾಯುತ್ತಿದ್ದಾಳೆ ಎಂದೆ. "ಗೊತ್ತು. ನಾನೇ ನಿಲ್ಸಿದೆ ಅಂದ್ರೆ ನೊಂದ್ಕೊಳ್ತಾಳೆ. ಗಾಡಿ ಕೆಟ್ಟೋಯ್ತು ಅನ್ನು." ಇಂಜಿನ್ ಆರಿಸಿದವನು ನಾನು. ಮಡಿಲಲ್ಲಿಟ್ಟುಕೊಂಡು ಬಂದಿದ್ದ ಕ್ಲಿಪ್ಪುಗಳನ್ನು ಕೈಗೆ ಕೊಟ್ಟಳು. ತಣ್ಣಗಿದ್ದ ಪೈಪಿಗೆ ಅವನ್ನೆಲ್ಲ ಸಿಕ್ಕಿಸಿ ಬರುವಷ್ಟರಲ್ಲಿ ಅವಳಿರಲಿಲ್ಲ. ಮುದುಕಿ ಒಂದೇ ಸಲಕ್ಕೆ ಸ್ಟಾರ್ಟ್ ಆದಳು. ಕ್ಲಿಪ್ಪುಗಳು ಇನ್ನೂ ಅಲ್ಲೇ ಇವೆ, ನನ್ನ ಕೈ ಏಳುತ್ತಿಲ್ಲ. ಬಂದು ನೀನೇ ತೆಗೆ.