ಆ ವಾಲ್ವನ್ನು ಒಮ್ಮೆ ನಿಮ್ಮ ಕೈಯಲ್ಲೇ ತಿರುಗಿಸಿ

ಕಾರ್ಖಾನೆಗಳ ಸುರಕ್ಷತಾ ತಪಾಸಣಾ ಅಧಿಕಾರಿಗಳಿಗೆ,

ಮಾನ್ಯರೇ,

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ನಮ್ಮ ಕಾರ್ಖಾನೆಯಲ್ಲಿ ಕಾಸ್ಟಿಕ್ ಸೋಡಾ ದ್ರಾವಣ ಸೋರಿದ್ದಕ್ಕೆ ‘ಆಪರೇಟರನ ನಿರ್ಲಕ್ಷ್ಯವೇ ಕಾರಣ’ ಎಂದು ನೀವು ವರದಿ ಕೊಟ್ಟಿದ್ದೀರಿ. ಆ ಆಪರೇಟರನಿಗೆ ದಯಾನಂದ ಎಂಬ ಹೆಸರಿದೆ. ಬರುವ ಸೋಮವಾರ ಕಂಪನಿಯವರು ನಿಮ್ಮ ವರದಿಯನ್ನೇ ಮುಂದಿಟ್ಟುಕೊಂಡು ವಿಚಾರಣೆ ನಡೆಸಿ ಅವನನ್ನು ಕೆಲಸದಿಂದ ತೆಗೆಯಲಿದ್ದಾರೆ. ನಾನು ಅದೇ ಕಾರ್ಖಾನೆಯ ನಿರ್ವಹಣಾ ವಿಭಾಗದ ಎಂಜಿನಿಯರ್. ನಿಮ್ಮ ವರದಿ ಸುಳ್ಳು ಎಂದು ನಾಲ್ಕು ಜನರ ಮುಂದೆ ಹೇಳುವುದಕ್ಕಾಗಿಯೇ ಈ ಪತ್ರ.

ಮರಾಠಿಯಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಬರೆದೆ. ನಿಮ್ಮ ಕಚೇರಿ ಯಾವ ಭಾಷೆಗೂ ಪಕ್ಷಪಾತ ತೋರದೆ ಎರಡಕ್ಕೂ ಸಮನಾಗಿ ಬಾಯಿ ಮುಚ್ಚಿಕೊಂಡಿತು. ಹಾಗಾಗಿ ಈಗ ಈ ಕನ್ನಡ ಪತ್ರಿಕೆಗೆ ಬರೆಯುತ್ತಿದ್ದೇನೆ. ನಿಮಗೆ ಓದಲು ಬಾರದಿರಬಹುದು. ಆದರೆ ನಿಮ್ಮ ಕಚೇರಿಯ ಕೆಳಗಿನ ಉಡುಪಿ ಹೋಟೆಲಿನ ಗಲ್ಲಾದ ಪಕ್ಕ ಈ ಪತ್ರಿಕೆ ದಿನವೂ ಬಿದ್ದಿರುತ್ತದೆ. ನೀವು ಇಡ್ಲಿ ಮುಗಿಸುವುದರೊಳಗೆ ಓದಿ ಅರ್ಥ ಹೇಳುವವರಿಗೆ ಅಲ್ಲಿ ಬರವಿಲ್ಲ.

ವಾಲ್ವ್ ಎಂಬುದು ಬ್ರಹ್ಮವಿದ್ಯೆಯಲ್ಲ. ಪೈಪಿನಲ್ಲಿ ಹರಿಯುವುದನ್ನು ಬೇಕೆಂದಾಗ ನಿಲ್ಲಿಸಬೇಕು, ಅಷ್ಟೆ. ಎಲ್ಲಿ ಯಾವುದನ್ನು ಹಾಕಬೇಕು ಎಂಬುದಕ್ಕೆ ಮಾತ್ರ ಸ್ವಲ್ಪ ತಲೆ ಓಡಿಸಬೇಕು. ನಮ್ಮಲ್ಲಿ ಎತ್ತರದ ಟ್ಯಾಂಕಿನಿಂದ ಕಾಸ್ಟಿಕ್ ತಾನಾಗಿಯೇ ಕೆಳಗಿಳಿಯುವ ಒಂದು ಲೈನ್ ಇದೆ. ನಿಲ್ಲಿಸೋಣವೆಂದರೆ ಅದಕ್ಕೆ ಪಂಪ್ ಇಲ್ಲ. ಇರುವುದು ಒಂದೇ ವಾಲ್ವ್. ಅಂಥ ಕಡೆ ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಥಟ್ಟನೆ ಮುಚ್ಚುವ ಬಾಲ್ ವಾಲ್ವ್ ಇರಲಿ ಎಂದು ನಾನು ಕೇಳಿದ್ದೆ. ಬಂದದ್ದು ಚಕ್ರವನ್ನು ಸುತ್ತಿ ಸುತ್ತಿ ಮುಚ್ಚಬೇಕಾದ ಗೇಟ್ ವಾಲ್ವ್. ಸ್ಟೋರಿನಲ್ಲಿ ಅದೇ ಇತ್ತಂತೆ. ಹೋಗಲಿ, ಚೆನ್ನಾಗಿ ನೋಡಿಕೊಂಡರೆ ಗೇಟ್ ವಾಲ್ವೂ ಮುಚ್ಚುತ್ತದೆ. ಚಕ್ರದ ನಡುವಿನ ಸರಳಿನ ಮೇಲೆ ತಿರುಪಿನ ಗೆರೆಗಳಿರುತ್ತವೆ, ಇಲ್ಲಿ ನಾವೆಲ್ಲ ಅದನ್ನು ಆಟೆ ಎನ್ನುತ್ತೇವೆ. ಆಟೆಗೆ ಗ್ರೀಸ್ ಹಚ್ಚಬೇಕು, ಆಗಾಗ ಚಕ್ರವನ್ನು ಆಚೀಚೆ ತಿರುಗಿಸುತ್ತಿರಬೇಕು. ನಮ್ಮ ವಿಭಾಗ ಅದನ್ನು ತಪ್ಪದೆ ಮಾಡುತ್ತಿತ್ತು, ಆ ವಾಲ್ವ್ ಒಂದೇ ಕೈಗೆ ತಿರುಗುತ್ತಲೂ ಇತ್ತು.

ಅಷ್ಟರಲ್ಲಿ ನೀವು ತಪಾಸಣೆಗೆ ದಯಮಾಡಿಸುವ ಸುದ್ದಿ ಬಂತು. ನೀವು ಎಂದೂ ಹೇಳದೆ ಬರುವವರಲ್ಲ. ಮೊದಲು ಪತ್ರ ಬರುತ್ತದೆ, ಆಮೇಲೆ ಫೋನ್ ಬರುತ್ತದೆ, ಎಲ್ಲರೂ ತಲೆ ಬಾಚಿಕೊಂಡು ಸಿದ್ಧರಾದ ಮೇಲೆ ನಿಮ್ಮ ಗಾಡಿ ಬರುತ್ತದೆ. ಈ ನಡುವಿನ ದಿನಗಳಲ್ಲಿ ಕಾರ್ಖಾನೆಗಳಲ್ಲಿ ಏನು ನಡೆಯುತ್ತದೆ ಗೊತ್ತೇ? ಬಣ್ಣ ಬಳಿಯುತ್ತಾರೆ. ಗುತ್ತಿಗೆಗೆ ಬಂದ ಪೇಂಟರುಗಳು ಪೈಪಿಗೆ ಬಳಿದರು, ವಾಲ್ವಿಗೆ ಬಳಿದರು, ಚಕ್ರಕ್ಕೆ ಬಳಿದರು. ಗ್ರೀಸಿನ ಮೇಲೆ ಬಣ್ಣ ನಿಲ್ಲುವುದಿಲ್ಲವಲ್ಲ, ಅದಕ್ಕೆ ಆಟೆಯಲ್ಲಿದ್ದ ಗ್ರೀಸನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸಿ ತೆಗೆದು ಅಲ್ಲಿಗೂ ಎರಡು ಕೋಟ್ ಬಳಿದರು. ಅವರನ್ನು ಬೈದು ಪ್ರಯೋಜನವಿಲ್ಲ. ಎಲ್ಲವೂ ಹೊಳೆಯಬೇಕೆಂದು ಅವರಿಗೆ ಹೇಳಿದ್ದರು, ಅವರು ಹೊಳೆಯುವಂತೆ ಮಾಡಿದರು.

ನೀವು ಬಂದಿರಿ. ಎಳನೀರು ಕುಡಿದಿರಿ. ಸಾಲಾಗಿ ಮಿಂಚುತ್ತಿದ್ದ ವಾಲ್ವುಗಳನ್ನು ನೋಡಿ ಮದುವೆ ಚಪ್ಪರಕ್ಕೆ ಬಂದ ಬೀಗರ ಹಾಗೆ ತಲೆದೂಗಿದಿರಿ. ಯಾವುದಾದರೊಂದನ್ನು ತಿರುಗಿಸಿ ನೋಡಿ ಸರ್ ಎಂದು ಮ್ಯಾನೇಜರರ ಕಣ್ಸನ್ನೆಯನ್ನೂ ಲೆಕ್ಕಿಸದೆ ನಾನು ಕೇಳಿಕೊಂಡೆ. ನೀವು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನಕ್ಕಿರಿ. “ಅರೇ ಮ್ಯಾಡಮ್, ಪೇಂಟ್ ಗೀಲಾ ಹೈ. ಹಾತ್ ಖರಾಬ್ ಹೋ ಜಾಯೇಗಾ” ಎಂದಿರಿ. ಬಣ್ಣ ಇನ್ನೂ ಹಸಿ, ಕೈ ಕೊಳೆಯಾಗುತ್ತದೆ! ಒಂದು ವಾಲ್ವನ್ನೂ ಮುಟ್ಟದೆ ಹೋಗಿ ‘ನಿರ್ವಹಣೆ ಪ್ರಶಂಸನೀಯ’ ಎಂದು ಬರೆದಿರಿ. ನಾನು ಈ ಕಸುಬಿಗೆ ಬಂದ ಮೇಲೆ ನನಗೆ ಸಿಕ್ಕ ಮೊದಲ ಪ್ರಶಂಸೆ ಅದು. ಓದಿ ಮೈಯೆಲ್ಲ ಉರಿಯಿತು.

ನೀನೇಕೆ ಆ ಬಣ್ಣ ಕೆರೆಸಲಿಲ್ಲ ಎಂದು ನೀವು ಕೇಳಬಹುದು. ಮರುದಿನವೇ ಆಳುಗಳನ್ನು ಕರೆದುಕೊಂಡು ಹೊರಟಿದ್ದೆ. ಮ್ಯಾನೇಜರರು ನಿಮ್ಮ ಹೊಗಳಿಕೆಯ ಹಾಳೆ ಹಿಡಿದುಕೊಂಡು ಅಡ್ಡ ಬಂದರು. “ಸಾಹೇಬರಿಗೇ ಪಸಂದ್ ಆಗಿದೆ, ನಿಮ್ಮದೇನು ಝಂಜಟ್ ಮ್ಯಾಡಮ್? ಮುಂದಿನ ತಿಂಗಳು ಬಯರ್‌ಗಳು ಬರ್ತಾರೆ. ಅಲ್ಲೀ ತನಕ ಯಾರೂ ಹಾತ್ ಹಚ್ಚೂದಿಲ್ಲ” ಎಂದರು. ಅವರು ನಮ್ಮ ಧಾರವಾಡದ ಕಡೆಯವರೇ. ನಾನು ಬರೆದು ಕೊಟ್ಟ ಆಕ್ಷೇಪಣೆ ಅವರ ಮೇಜಿನ ಮೇಲೆಯೇ ಉಳಿಯಿತು, ಬಣ್ಣ ಆಟೆಯಲ್ಲಿ ಕಲ್ಲಾಯಿತು.

ಬಯರ್‌ಗಳು ಬರುವ ಮೊದಲೇ ಲೈನಿನ ಜೋಡಣೆಯ ಒಂದು ಗ್ಯಾಸ್ಕೆಟ್ ಕಿತ್ತುಕೊಂಡು ಕಾಸ್ಟಿಕ್ ಚಿಮ್ಮಿತು. ಹತ್ತಿರವಿದ್ದವರೆಲ್ಲ ಹೊರಗೆ ಓಡಿದರು, ಓಡಬೇಕಾದದ್ದೇ. ದಯಾನಂದ ಮಾತ್ರ ವಾಲ್ವಿನ ಕಡೆ ಓಡಿದ. ನಾನು ಹೋಗಿ ನೋಡುವಾಗ ಅವನು ಅಲುಗದ ಚಕ್ರಕ್ಕೆ ಜೋತುಬಿದ್ದಿದ್ದ, ಕೈಗವಸುಗಳು ತೊಯ್ದು ತೊಟ್ಟಿಕ್ಕುತ್ತಿದ್ದವು. “ಅಕ್ಕಾ, ಇದು ಹಂದುದೇ ಇಲ್ಲ! ನೀವು ಹತ್ರ ಬರ್ಬೇಡಿ, ಆಚೆ ಹೋಗಿ!” ಎಂದು ಕೂಗಿದ. ಎಳೆದು ತಂದು ನೀರಿನ ಕೆಳಗೆ ನಿಲ್ಲಿಸಿದೆವು. ಅಷ್ಟರಲ್ಲಿ ಕೈ ಸುಟ್ಟಾಗಿತ್ತು. ಆ ಲೈನನ್ನು ಕೊನೆಗೂ ಯಾರೂ ನಿಲ್ಲಿಸಲಿಲ್ಲ ಮಾನ್ಯರೇ. ಟ್ಯಾಂಕ್ ಬರಿದಾದ ಮೇಲೆ ಅದು ತಾನೇ ನಿಂತಿತು.

ನಿಮ್ಮ ವರದಿ ಬಂದ ದಿನ ಆಸ್ಪತ್ರೆಯಲ್ಲಿ ಅವನ ಮಗಳು ಶ್ರದ್ಧಾ ನನ್ನ ಪಕ್ಕ ಕೂತಿದ್ದಳು. ಇಲ್ಲೇ ಹತ್ತಿರದ ಕಳವಾ ಊರಿನಲ್ಲೇ ಹುಟ್ಟಿ ಬೆಳೆದ ಹುಡುಗಿ, ನಾನು ಕನ್ನಡದಲ್ಲಿ ಸಮಾಧಾನ ಹೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. “ಆಂಟಿ, ಪಪ್ಪಾ ಭಾಗ್ ಜಾತೇ ತೋ ಬಚ್ ಜಾತೇ ನಾ?” ಎಂದು ಕೇಳಿದಳು. ಹೌದಮ್ಮ, ಓಡಿಹೋಗಿದ್ದರೆ ಕೈ ಉಳಿಯುತ್ತಿತ್ತು ಎಂದೆ. “ಫಿರ್ ಲಾಪರ್ವಾಹಿ ಕಿಸಕೀ?” ಎಂದಳು. ಹಾಗಾದರೆ ನಿರ್ಲಕ್ಷ್ಯ ಯಾರದು? ಅದರ ಉತ್ತರ ನೀವು ಹೇಳಬೇಕಾದದ್ದು. ಸುಡುವ ದ್ರಾವಣದ ನಡುವೆ ನಿಂತು ತಿರುಗದ ಚಕ್ರವನ್ನು ತಿರುಗಿಸಲು ಹೋದವನದು ನಿರ್ಲಕ್ಷ್ಯವಾದರೆ, ಅಂಗೈಗೆ ಬಣ್ಣ ಹತ್ತೀತೆಂದು ಕೈ ಹಿಂದೆ ಕಟ್ಟಿಕೊಂಡವರದ್ದಕ್ಕೆ ನಿಮ್ಮ ಇಲಾಖೆಯಲ್ಲಿ ಏನೆನ್ನುತ್ತಾರೆ? ನನಗೆ ಸಿಟ್ಟು ಬಂದಿದೆ. ಅದನ್ನು ಸಭ್ಯ ಮಾತಿನಲ್ಲಿ ಮುಚ್ಚಿಡುವ ಆಸೆ ನನಗಿಲ್ಲ.

ನಿಮ್ಮ ವರದಿ ಬಂದ ಕೂಡಲೇ ಕಂಪನಿ ಆ ವಾಲ್ವನ್ನು ಬಿಚ್ಚಿಸಿ ಭಿವಂಡಿಯ ಭಂಗಾರದಂಗಡಿಗೆ, ಅಂದರೆ ಗುಜರಿಗೆ, ಸಾಗಿಸಿತು. ಸಾಕ್ಷಿ ಕರಗಿಹೋದೀತು ಎಂದುಕೊಂಡಿರಬೇಕು. ನಾನು ಅಂಗಡಿಗೆ ಹೋಗಿ ಬಿಲ್ ಮಾಡಿಸಿಯೇ ಅದನ್ನು ಕೊಂಡು ತಂದೆ. ಈಗ ಅದು ಎಂಐಡಿಸಿ ಪಕ್ಕದ ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನ ಬಳಿ ಕಂಬಕ್ಕೆ ಬೋಲ್ಟ್ ಬಿಗಿದುಕೊಂಡು ನಿಂತಿದೆ, ಬಣ್ಣದ ಸಮೇತ. ಸೆಕ್ರೆಟರಿ ಕಶ್ಯಪರು ಮೊದಲು ಮುಖ ಗಂಟಿಕ್ಕಿ, “ಎಂಥ ಸುಗುಣಾ, ಪಾರ್ಕಿಂಗಲ್ಲಿ ಇದನ್ನು ಪ್ರತಿಷ್ಠೆ ಮಾಡಿದ್ದಾ?” ಎಂದರು. ಆಮೇಲೆ ತಾವೇ ಚಕ್ರ ಹಿಡಿದು ಬೆವರಿ, ಸೊಂಟ ಹಿಡಿದುಕೊಂಡು, “ಇಲ್ಲೇ ಇರ್ಲಿ ಮಾರಾಯ್ತಿ. ಆ ಪುಣ್ಯಾತ್ಮ ಬಂದು ನೋಡ್ಲಿ” ಎಂದರು. ಈಗ ಬಂದುಹೋಗುವವರೆಲ್ಲ ಒಂದು ಕೈ ನೋಡುತ್ತಾರೆ. ವ್ಯಾಯಾಮಶಾಲೆಯಲ್ಲಿ ಮೈ ಬೆಳೆಸಿದ ಹುಡುಗರೂ ನೋಡಿಯಾಯಿತು. ಚಕ್ರ ಕೂದಲೆಳೆಯಷ್ಟೂ ಅಲುಗಿಲ್ಲ.

ಸೋಮವಾರದೊಳಗೆ ನೀವು ಇಲ್ಲಿಗೆ ಬರಬೇಕು. ಈ ಸಲ ಪತ್ರ ಕಳಿಸುವುದು, ಫೋನ್ ಮಾಡಿಸುವುದು ಬೇಡ, ಎಳನೀರೂ ಇರುವುದಿಲ್ಲ. ಬಂದು ಈ ವಾಲ್ವನ್ನು ಮುಚ್ಚಿ ತೋರಿಸಿ. ತೋರಿಸಿದರೆ ಅಲ್ಲೇ ನನ್ನ ರಾಜೀನಾಮೆ ಕೊಡುತ್ತೇನೆ. ಆಗದಿದ್ದರೆ ನಿಮ್ಮ ವರದಿಯ ‘ನಿರ್ಲಕ್ಷ್ಯ’ ಎಂಬ ಪದವನ್ನು ನಿಮ್ಮ ಪೆನ್ನಿನಲ್ಲೇ ಹೊಡೆದುಹಾಕಿ, ಆ ಪ್ರತಿಯನ್ನು ನನ್ನ ಕೈಗೆ ಕೊಟ್ಟು ಹೋಗಿ. ಮುಂದೆ ಯಾವ ಕಾರ್ಖಾನೆಗೆ ಹೋದರೂ ಹೇಳದೆ ಹೋಗಿ, ಬಣ್ಣ ನೋಡುವ ಮೊದಲು ಒಂದು ಚಕ್ರ ತಿರುಗಿಸಿ ನೋಡಿ.

ಒಂದು ಮಾತು ಉಳಿಯಿತು. ತಪ್ಪು ತನ್ನದೇ ಎಂದು ದಯಾನಂದ ಸೋಮವಾರ ಸಹಿ ಹಾಕಬೇಕಂತೆ. ಬೆರಳು ಮಡಚಲು ಬಾರದೆ ಪೆನ್ನು ಹಿಡಿಯಲಾಗದಿದ್ದರೆ ಹೆಬ್ಬೆಟ್ಟೊತ್ತಿದರೂ ನಡೆಯುತ್ತದೆ ಎಂದು ಕಂಪನಿಯವರು ಹೇಳಿ ಕಳಿಸಿದ್ದಾರೆ. ಒತ್ತಲು ಅವನ ಹೆಬ್ಬೆರಳಿನಲ್ಲಿ ಚರ್ಮ ಉಳಿದಿಲ್ಲ, ಮಾನ್ಯರೇ.

ಇಂತಿ,
ಈ ಪತ್ರಿಕೆ ಮ್ಯಾನೇಜರರ ಕೈ ಸೇರುವವರೆಗಾದರೂ ಕೆಲಸದಲ್ಲಿರುವ,
ಸುಗುಣಾ
ನಿರ್ವಹಣಾ ವಿಭಾಗ, ಡೊಂಬಿವಲಿ