ಹೆಳವ ಬಿಟ್ಟ ಹೆಸರು

ಅಮೃತಹಳ್ಳಿ
ಸೋಮವಾರ, ೨೮ ಜನವರಿ ೧೯೬೩

ನಮ್ಮ ಯಜಮಾನರಿಗೆ, ಪ್ರೀತಿಯಿಂದ ನಿಮ್ಮ ಗೋಪಾಲಮ್ಮ ಬರೆಯುವುದು.

ಹೇಗಿದ್ದೀರಿ? ರಾಂಚಿಯಲ್ಲಿ ಚಳಿ ಇನ್ನೂ ಬಿಟ್ಟಿರಲಾರದು. ನಾನು ಕಳಿಸಿದ ಕಂಬಳಿ ಹೊದೆಯುತ್ತಿದ್ದೀರೋ, ಇಲ್ಲ ಅದನ್ನೂ ಮಡಚಿ ಪುಸ್ತಕಗಳ ಕೆಳಗೆ ಹಾಸಿಬಿಟ್ಟಿರೋ? ನಿದ್ದೆ ಬರುತ್ತಿದೆಯೇ? ಊಟ ಮಾಡುತ್ತಿದ್ದೀರಾ? ಊಟದ ಮಾತನ್ನು ವಾಡಿಕೆಗೆಂದು ಕೇಳಿದ್ದಲ್ಲ, ಹೊಟ್ಟೆಗೆ ಏನು ಹೋಗುತ್ತಿದೆ ಎಂದು ನಿಜವಾಗಿಯೇ ಕೇಳುತ್ತಿದ್ದೇನೆ. ಇಲ್ಲಿ ಪುಟ್ಟಿ ಚೆನ್ನಾಗಿದ್ದಾಳೆ. ಲೆಕ್ಕದಲ್ಲಿ ಕ್ಲಾಸಿಗೇ ಮೊದಲು, ಜಗಳದಲ್ಲೂ ಮೊದಲು. ಅತ್ತೆಯ ಮಂಡಿನೋವು ಇದ್ದ ಹಾಗೆಯೇ ಇದೆ. ಹೆಬ್ಬಾಳದಿಂದ ನನ್ನ ತಮ್ಮ ಆಂಜಿನಪ್ಪ ಬಂದು ಕಣದಲ್ಲಿ ನಿಂತು ರಾಗಿ ಒಕ್ಕಿಸಿಕೊಟ್ಟ. ಹಗೇವು ತುಂಬಿದೆ, ಆ ಯೋಚನೆ ನಿಮಗೆ ಬೇಡ.

ನಿಮ್ಮ ಟ್ರಂಕಿನ ಕೆಲಸವನ್ನೂ ನಾನು ನಿಲ್ಲಿಸಿಲ್ಲ. ನೂರ ಹನ್ನೆರಡು ಕುಟುಂಬಗಳ ವಂಶದ ಚೀಟಿಗಳನ್ನೂ ಹೊಸ ರಟ್ಟಿಗೆ ನಕಲು ಮಾಡಿ ಮುಗಿಸಿದೆ. ಗಂಡಿಗೆ ಚೌಕ, ಹೆಣ್ಣಿಗೆ ದುಂಡು, ಬುದ್ಧಿ ಕೆಟ್ಟವರಿಗೆ ಒಳಗೆಲ್ಲ ಕಪ್ಪು ಮಸಿ. ಮದುವೆಯಾದ ಹೊಸದರಲ್ಲಿ ಇದನ್ನು ಕಲಿಸಿಕೊಟ್ಟಾಗ ರಂಗೋಲಿಯೆಂದೇ ತಿಳಿದಿದ್ದೆ. ಆಗ ಊರವರು ನಿಮ್ಮನ್ನು 'ಉಚ್ಚಾಸ್ಪತ್ರೇಲಿ ಓದ್ಕಂಡು ಬಂದವ್ನೆ' ಎಂದು ಆಡಿಕೊಳ್ಳುತ್ತಿದ್ದರು. ಅಮೃತಹಳ್ಳಿಗೆ ಮೊದಲ ಬಿ.ಎ. ಆದರೂ ಸುತ್ತ ಯಾರೂ ಹೆಣ್ಣು ಕೊಡದೆ ಕೊನೆಗೆ ನಮ್ಮಪ್ಪನ ಬಳಿ ಬಂದಿರಿ. ರೋಗಿಗಳಿಗೆಂದು ತಂದ ಬಣ್ಣದ ಮರದ ತುಂಡುಗಳ ಬುದ್ಧಿಪರೀಕ್ಷೆಯನ್ನು ಮೊದಲು ನನ್ನ ಮೇಲೆ ಮಾಡಿದಿರಿ, ನಿಮಗಿಂತ ಬೇಗ ನಾನು ಜೋಡಿಸಿಬಿಟ್ಟೆನೆಂದು ಎರಡು ದಿನ ಮುಖ ಊದಿಸಿಕೊಂಡಿದ್ದಿರಿ. ನೆನಪಿದೆಯೇ? ಆಮೇಲೆ ಸೈಕಲ್ಲಿನಲ್ಲಿ ಸಿಂಗಾಪುರ, ನಾಗಸಂದ್ರ, ಯಲಹಂಕವೆಂದು ಹಳ್ಳಿಹಳ್ಳಿ ತಿರುಗಿದಿರಿ. ಬುದ್ಧಿಯ ಕಾಯಿಲೆ ದೆವ್ವದಿಂದಲ್ಲ, ಶಾಪದಿಂದಲ್ಲ, ಮೂಗು ಕಣ್ಣು ಬಂದ ಹಾಗೆ ರಕ್ತದಲ್ಲಿ ಬರುತ್ತದೆ ಎಂದು ತೋರಿಸುವುದೇ ನಿಮ್ಮ ಹಟ. ಆದರೆ ಜನ ತಮ್ಮ ಮನೆಯ ಹುಚ್ಚರ ಸುದ್ದಿ ಹೇಳುವುದುಂಟೇ? ಅದಕ್ಕೇ ಎತ್ತಿನ ಮೇಲೆ ಕೂತು ಬಂದು ಮನೆಮನೆಯ ವಂಶ ಹೇಳುವ ಹೆಳವರ ಲಕ್ಕಣ್ಣನನ್ನು ಹಿಡಿದಿರಿ. ಹತ್ತು ತಲೆಮಾರಿನ ಹೆಸರು ಅವನ ಬಾಯಲ್ಲಿದೆ, ಅವನು ಹೇಳಿದಂತೆ ಚೌಕ, ದುಂಡು ಬರೆದುಕೊಂಡು, ಯಾರಿಗೆ ಕಾಯಿಲೆ ಇತ್ತೆಂದು ಆಮೇಲೆ ಮೆಲ್ಲಗೆ ವಿಚಾರಿಸಿದರಾಯಿತು ಎಂದಿರಿ. ನಿಮ್ಮ ಉಪಾಯಕ್ಕೆ ನಾನು ಎಷ್ಟು ಹೆಮ್ಮೆಪಟ್ಟಿದ್ದೆ! ಕಾಯಿಲೆ ಒಂದು ತಲೆಮಾರು ಬಿಟ್ಟು ಮುಂದಿನದಕ್ಕೆ ಹಾರುತ್ತದೆ ಎಂದು ನೀವು ಬರೆದ ಲೇಖನ ಅಚ್ಚಾಯಿತು, ಅದನ್ನು ನೋಡಿಯೇ ರಾಂಚಿಯ ಆಸ್ಪತ್ರೆಯವರು ಕೆಲಸಕ್ಕೆ ಕರೆದರು.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ.

ನವೆಂಬರಿನ ಕಾಗದದಲ್ಲಿ ಮೆಸ್ಸಿನ ಬೇಳೆಯಲ್ಲಿ ಏನೋ ಕಹಿ ಎಂದು ಬರೆದಿರಿ. ಆ ಕಡೆಯ ಸಾಸಿವೆ ಎಣ್ಣೆಯ ವಾಸನೆಯಿರಬೇಕೆಂದು ನಾನು ನಕ್ಕೆ. ಡಿಸೆಂಬರಿನಲ್ಲಿ, ಲಕೋಟೆಯ ಅಂಟು ಬಿಚ್ಚಿ ಮತ್ತೆ ಹಚ್ಚಿದ ಗುರುತಿದೆಯೇ ನೋಡು ಎಂದಿರಿ. ನೋಡಿದೆ, ಇರಲಿಲ್ಲ. ಸಂಕ್ರಾಂತಿಗೆ ಬಂದ ಕಾಗದದಲ್ಲಿ, ಟ್ರಂಕಿಗೆ ಎರಡು ಬೀಗ ಹಾಕು, ನನ್ನ ಚೀಟಿಗಳನ್ನು ಕದಿಯಲು ಅತಾವುಲ್ಲಾ ಇಲ್ಲಿಗೂ ಆಳು ಬಿಟ್ಟಿದ್ದಾನೆ, ಇದನ್ನು ಓದಿ ಸುಟ್ಟುಹಾಕು ಎಂದಿದೆ. ಅತಾವುಲ್ಲಾ ಡಾಕ್ಟರು! ನಿಮಗೆ ಈ ವಿದ್ಯೆ ಕಲಿಸಿದವರು, ಪುಟ್ಟಿ ಹುಟ್ಟಿದಾಗ ನಿಮಗಿಂತ ಮುಂಚೆ ಆಸ್ಪತ್ರೆಗೆ ಓಡಿಬಂದವರು. ಅದೇ ಕಾಗದದ ಕೊನೆಯಲ್ಲಿ, ಈಗ ಬೇಯಿಸಿದ ಮೊಟ್ಟೆ ಮತ್ತು ಬಾಳೆಹಣ್ಣು ಮಾತ್ರ ತಿನ್ನುತ್ತೇನೆ, ಸಿಪ್ಪೆಯೊಳಗೆ ಯಾರೂ ಏನೂ ಬೆರೆಸಲಾರರು ಎಂದು ಬರೆದಿದ್ದೀರಿ. ನಾನು ಅತ್ತೆಗೆ ಕೇಳಲೆಂದು ಗಟ್ಟಿಯಾಗಿ ಓದುತ್ತಿದ್ದೆ. ಬಾಳೆಹಣ್ಣಿನ ಮಾತು ಬಂದ ಕೂಡಲೇ ಅವರು ಎದ್ದು ಹಿತ್ತಲಿಗೆ ಹೋದರು.

ನಾನು ಟ್ರಂಕು ತೆಗೆದು ನಲವತ್ತೊಂದನೆಯ ಚೀಟಿ ಹುಡುಕಿದೆ. ಸಿಂಗಾಪುರದ ಕುಟುಂಬ. ನಿಮ್ಮದೇ ಅಕ್ಷರದಲ್ಲಿದೆ: 'ಮೊದಲು ಗೊತ್ತಾದದ್ದು ಹೇಗೆ? ಸಿಪ್ಪೆ ಇರುವ ಹಣ್ಣು ಬಿಟ್ಟು ಬೇರೆ ಏನೂ ಮುಟ್ಟುತ್ತಿರಲಿಲ್ಲ.' ನೂರ ಹನ್ನೆರಡು ಚೀಟಿ ಬರೆದವಳಿಗೆ ಇದು ತಿಳಿಯದೆ ಇರುತ್ತದೆಯೇ, ಹೇಳಿ? ತಿಳಿಯದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೂ ಒಂದು ಧೈರ್ಯವಿತ್ತು. ಹೆಣ್ಣು ನೋಡಲು ಬಂದಾಗ ನೀವೇ ನಮ್ಮಪ್ಪನಿಗೆ ಹೇಳಿದ್ದಿರಿ, ನಮ್ಮ ವಂಶದಲ್ಲಿ ಯಾರಿಗೂ ಈ ಕಾಯಿಲೆ ಇಲ್ಲ, ಬೇಕಾದರೆ ಲಕ್ಕಣ್ಣನ ಬಾಯಲ್ಲೇ ಕೇಳಿ ಎಂದು.

ಕಳೆದ ಗುರುವಾರ ಲಕ್ಕಣ್ಣ ಬಂದ. ಕಣ ಮುಗಿದ ಮೇಲೆ ಬರುವುದು ವಾಡಿಕೆಯಲ್ಲವೇ. ಎತ್ತಿನ ಗಂಟೆ ಕೇಳಿದ್ದೇ ತಡ, ನಮ್ಮ ಮನೆಯ ಚೀಟಿಯನ್ನು ಕೈಯಲ್ಲಿ ಹಿಡಿದು ಜಗಲಿಗೆ ಬಂದು ಕೂತೆ. ಅವನು ರಾಗವಾಗಿ ಹೇಳುತ್ತಾ ಹೋದ, ನಾನು ಚೌಕ, ದುಂಡುಗಳ ಮೇಲೆ ಬೆರಳಿಟ್ಟುಕೊಂಡು ಹೋದೆ. ನಿಮ್ಮ ತಾತನ ಹತ್ತಿರ ಬಂದಾಗ 'ದೊಡ್ಡಮುನಿಯಪ್ಪನ ಒಟ್ಟೇಲಿ ಮೂರು ಗಂಡು' ಎಂದ. ಆಮೇಲೆ ನಿಮ್ಮ ತಂದೆ ಚಿಕ್ಕಮುನಿಯಪ್ಪನವರ ಹೆಸರು ಹೇಳಿದ, ನಿಮ್ಮ ಚಿಕ್ಕಪ್ಪ ಪಿಳ್ಳಪ್ಪನ ಹೆಸರು ಹೇಳಿದ, ಮುಂದಕ್ಕೆ ಹೋಗಿಬಿಟ್ಟ. ಚೀಟಿಯಲ್ಲಿ ನೀವು ಹೆಸರಿಲ್ಲದ ಆ ಮೂರನೆಯ ಚೌಕದ ಕೆಳಗೆ 'ಕೂಸಿನಲ್ಲೇ ತೀರಿಕೊಂಡಿರಬೇಕು' ಎಂದು ಬರೆದಿದ್ದೀರಿ. ಊರಿನವರನ್ನೆಲ್ಲ ಅಷ್ಟು ಕೆದಕಿ ಕೇಳಿದವರು ನಿಮ್ಮ ಮನೆಯಲ್ಲಿ ಕೇಳಲಿಲ್ಲ. ನಾನು ಕೇಳಿದೆ. ಲಕ್ಕಣ್ಣ ಅತ್ತೆಯ ಮುಖ ನೋಡಿದ. ಅವರು ಒಳಗೆ ಹೋಗಿ ಕದ ಹಾಕಿಕೊಂಡರು. ಆಗ ಅವನು ದನಿ ತಗ್ಗಿಸಿ, 'ಎಸ್ರು ಐತೆ ತಾಯಿ. ಏಳ್ಬಾರ್ದು ಅಂತ ನಿಮ್ ಮಾವ್ನೋರು ನಮ್ಮಪ್ಪನ್ಗೆ ಅಸಾ ಕರಾ ಕೊಟ್ಟು ಬಾಯಿ ಕಟ್ಟವ್ರೆ. ನಿಮ್ದೊಂದೇ ಮನೆ ಅಲ್ಲ. ತಲೆ ಕೆಟ್ಟೋರ ಎಸ್ರು ಬುಡಿ ಅಂತ ಎಲ್ರೂ ಏಳ್ತಾರೆ, ನಾವು ಬುಟ್ಬುಡ್ತೀವಿ. ಲೆಕ್ಕ ಮಾತ್ರ ಬುಡಾಕಿಲ್ಲ, ಲೆಕ್ಕ ಬುಟ್ರೆ ನಮ್ ನಾಲಿಗೆ ಬಿದ್ದೋಯ್ತದೆ' ಎಂದ.

ನೋಡಿದಿರಾ? ಕಾಯಿಲೆ ತಲೆಮಾರು ಬಿಟ್ಟು ಹಾರುವುದಿಲ್ಲ. ನಡುವಿನ ತಲೆಮಾರಿನ ಕಾಯಿಲೆಯವರ ಹೆಸರು ಹೇಳದಂತೆ ಮಾಡಿದ್ದಾರೆ, ಅಷ್ಟೇ. ನಿಮ್ಮ ಲೇಖನ ಬಿದ್ದುಹೋದರೆ ಹೋಗಲಿ, ಇನ್ನೊಂದು ಬರೆಯುವಿರಂತೆ. ನನಗೆ ಈಗ ಲೇಖನದ ಚಿಂತೆಯಿಲ್ಲ.

ಆ ಸಂಜೆ ಅತ್ತೆ ತಾವಾಗಿಯೇ ಬಂದು ಒಲೆಯ ಮುಂದೆ ಕೂತು ಹೇಳಿದರು. ಆ ಮೂರನೆಯವರ ಹೆಸರು ಮುನಿವೆಂಕಟಯ್ಯ. ನಿಮ್ಮ ತಂದೆಯ ಅಣ್ಣ, ನಿಮಗೆ ದೊಡ್ಡಪ್ಪ. ಲೆಕ್ಕದಲ್ಲಿ ಶಾನುಭೋಗರಿಗೇ ತಪ್ಪು ತೋರಿಸುತ್ತಿದ್ದರಂತೆ. ಮೂವತ್ತನಾಲ್ಕು ದಾಟುವ ಹೊತ್ತಿಗೆ ತಮ್ಮಂದಿರು ಹೊಲ ಕದಿಯುತ್ತಿದ್ದಾರೆ ಎಂದು ಶುರುವಾಯಿತಂತೆ. 'ತಾನೇ ಕಿತ್ತ ಸೀಬೆಕಾಯಿ ಬುಟ್ರೆ ಬ್ಯಾರೆ ತಿನ್ತಿರ್ನಿಲ್ಲ ಕಣಮ್ಮ. ಮುದ್ದೇಲಿ ಏನೋ ಆಕವ್ರೆ ಅಂತಿದ್ದ. ಮನೆ ಮಾನ ಓಯ್ತದೆ ಅಂತ ಯಾರ್ಗೂ ತೋರ್ಸ್ನಿಲ್ಲ. ದನದ ಕೊಟ್ಟಿಗೇಲಿ ನಾಕು ವರ್ಷ ಮಡಗಿದ್ರು. ಕದದ ಸಂದೀಲಿ ಮುದ್ದೆ ತಳ್ಳೋಳು ನಾನೇ. ಒಂದಿನ ಕದ ತೆಗೆದಿತ್ತು. ಜಕ್ಕೂರು ಕೆರೇಲಿ ಸಿಕ್ದ' ಎಂದರು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು, 'ನನ್ ಮಗನ್ನ ಕೊಟ್ಟಿಗೇಲಿ ಕಟ್ಬೇಡಿ' ಎಂದು ಅತ್ತರು. ನಿಮಗೆ ಬರುವ ಆಷಾಢಕ್ಕೆ ಮೂವತ್ತೈದು.

ನನಗೆ ಭಯವಾಗಿದೆ. ಮುಚ್ಚಿಟ್ಟು ಬರೆಯಲಾರೆ. ಬಿಂದಿಗೆ ಹೊತ್ತು ಬಾವಿಗೆ ಹೋದವಳು ಏಕೆ ಬಂದೆನೆಂದು ಮರೆತು ನಿಂತುಬಿಡುತ್ತೇನೆ. ಪುಟ್ಟಿ ತಟ್ಟೆಯಲ್ಲಿ ಒಂದು ತುತ್ತು ಬಿಟ್ಟರೂ ಏಕೆ ಬಿಟ್ಟೆಯೆಂದು ಗದರುತ್ತೇನೆ, ನಿನ್ನೆ ಅದಕ್ಕಾಗಿ ಮಗುವಿಗೆ ಹೊಡೆದೂಬಿಟ್ಟೆ. ಇದನ್ನು ನಿಮಗೆ ಬರೆಯಬಾರದು, ಬರೆದರೆ ನನ್ನ ಮೇಲೂ ಅನುಮಾನ ಬರುತ್ತದೆ ಎಂದು ಆಂಜಿನಪ್ಪ ಹೇಳಿದ. ಆದರೆ ಪ್ರತಿ ಮನೆಯಲ್ಲೂ ನೀವು ಹೇಳಿ ಬರುತ್ತಿದ್ದುದು ಒಂದೇ ಮಾತು: ಕಾಯಿಲೆಯವರಿಂದ ಏನನ್ನೂ ಮುಚ್ಚಬೇಡಿ, ಮುಚ್ಚಿದ್ದೇ ಅವರ ಅನುಮಾನಕ್ಕೆ ಸಾಕ್ಷಿಯಾಗುತ್ತದೆ. ಅದಕ್ಕೇ ಎಲ್ಲವನ್ನೂ ಬರೆದಿದ್ದೇನೆ. ಇನ್ನೂ ಒಂದಿದೆ. ನೀವು ಸುಡು ಎಂದ ಕಾಗದವನ್ನು ನಾನು ಸುಡಲಿಲ್ಲ. ಶನಿವಾರ ನೀವು ಓದಿದ ಆಸ್ಪತ್ರೆಗೇ ಹೋಗಿ ಮೂರು ಕಾಗದಗಳನ್ನೂ ಅತಾವುಲ್ಲಾ ಡಾಕ್ಟರಿಗೆ ತೋರಿಸಿದೆ, ದೊಡ್ಡಪ್ಪನ ಕಥೆಯನ್ನೂ ಹೇಳಿದೆ. ಬೈಯಿರಿ ನನ್ನನ್ನು. ಅವರು ಮೂರನ್ನೂ ಎರಡೆರಡು ಸಲ ಓದಿದರು. 'ನೀವು ನಾಲ್ಕು ವರ್ಷ ಕಾಯಲಿಲ್ಲವಲ್ಲಮ್ಮ, ಅದೇ ದೊಡ್ಡದು. ಈಗ ಮಾತ್ರೆಗಳು ಬಂದಿವೆ' ಎಂದರು. ಅವರಿಗೆ ನಿಮ್ಮ ಚೀಟಿ ಬೇಡ, ನೀವು ಬೇಕು. ನಂಬಲು ಆಗದಿದ್ದರೆ ಅವರನ್ನು ನಂಬಬೇಡಿ, ನನ್ನನ್ನು ನಂಬಿ.

ನಮ್ಮ ಮನೆಯ ಚೀಟಿಯಲ್ಲಿ ಮೂರನೆಯ ಚೌಕದ ಕೆಳಗೆ ದೊಡ್ಡಪ್ಪನ ಹೆಸರು ಬರೆದು ಒಳಗೆ ಮಸಿ ತುಂಬಿದೆ. ನಿಮ್ಮ ಚೌಕವನ್ನು ಮುಟ್ಟಿಲ್ಲ, ಅದು ಬಿಳಿಯಾಗಿಯೇ ಇದೆ. ಅತ್ತೆಯ ಆಶೀರ್ವಾದ, ಪುಟ್ಟಿಯ ಮುತ್ತು. ಆಂಜಿನಪ್ಪ ನಮಸ್ಕಾರ ತಿಳಿಸಿದ್ದಾನೆ. ದೊಡ್ಡಪ್ಪನ ಹೆಸರಿನಲ್ಲಿ ನಾಳೆ ಒಂದು ಎಡೆ ಇಡುತ್ತೇವೆ, ಇಷ್ಟು ವರ್ಷದಲ್ಲಿ ಮೊದಲ ಸಲ. ಅವರೂ ನಿಮ್ಮನ್ನು ಕಾಯಲಿ.

ಇತಿ ನಿಮ್ಮ,
ಗೋಪಾಲಮ್ಮ

ಮರೆತೆ: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ನಾನು ಬರುತ್ತಿದ್ದೇನೆ. ಬರುವ ತಿಂಗಳು ಎಂಟನೆಯ ತಾರೀಕು ಶುಕ್ರವಾರ ಹೊರಟು, ಮದ್ರಾಸು, ಹೌರಾ ಬದಲಾಯಿಸಿ ಮಂಗಳವಾರಕ್ಕೆ ರಾಂಚಿ. ಯಲಹಂಕದಿಂದಾಚೆ ರೈಲು ಹತ್ತಿದವಳಲ್ಲ, ಜೊತೆಗೆ ಆಂಜಿನಪ್ಪ ಇರುತ್ತಾನೆ. ನಮ್ಮ ಹೊಲದ ರಾಗಿ, ನಾನೇ ಬೀಸಿದ ಹಿಟ್ಟು ತರುತ್ತೇನೆ. ನೀವು ಪಕ್ಕದಲ್ಲೇ ಕೂತು ನೋಡುತ್ತಿರಿ, ಮುದ್ದೆ ತೊಳಸುತ್ತೇನೆ. ಮದುವೆಯಾದ ಮೇಲೆ ಒಂದು ದಿನವೂ ನಿಮಗಿಂತ ಮೊದಲು ಉಂಡವಳಲ್ಲ. ಅಲ್ಲಿ ಮೊದಲ ತುತ್ತು ನಾನು ನುಂಗುತ್ತೇನೆ, ಆಮೇಲೆ ನೀವು ತಿನ್ನಿ.