ಹಿಂದಿನ ಟೈರಿನ ಗಾಳಿ

ಮಾರ್ಚ್ 3

ಕ್ಲಚ್ ಪ್ಲೇಟ್ ಬದಲಾಯಿಸಿದೆ. ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡಿದೆ. ಹಿಂದಿನ ಟೈರು ಎರಡೂ ಸವೆದು ಒಳಗಿನ ದಾರ ಕಾಣುತ್ತಿದೆ — ನಿನ್ನೆ ಹಾಕಿದ್ದು! ತಂಗಿಯ ಪ್ರತಾಪ. ಕಾರು ನನ್ನದು, ಗ್ಯಾರೇಜು ನನ್ನದು, ಹೆಸರು ಅವಳದು. ಡ್ರಿಫ್ಟಿಂಗ್ ಕಲಿಸಿದವನೂ ನಾನೇ. ಆಗ ತಿರುವು ಬಂದರೆ ಕಣ್ಣು ಮುಚ್ಚುತ್ತಿದ್ದಳು.

ಮಾರ್ಚ್ 5

ಊಟದ ಹೊತ್ತಿಗೆ ಅಮ್ಮ ಕೇಳಿದಳು. "ಅಲ್ವೋ, ಕಾರು ನೆಟ್ಟಗೆ ಹೋಗ್ಲಿ ಅಂತ ತಾನೇ ರಸ್ತೆ ಮಾಡಿರೋದು? ಇದೇನು ಅಡ್ಡಡ್ಡ ಹೋಗೋದು?"

ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿ ಶುರು. ಜಪಾನಿನ ಬೆಟ್ಟದ ರಸ್ತೆಗಳಂತೆ, ಅಲ್ಲಿನ ಹುಡುಗರಂತೆ, ತಿರುವಿನಲ್ಲಿ ಬೇಕೆಂದೇ ಹಿಂದಿನ ಚಕ್ರ ಜಾರಿಸುತ್ತಿದ್ದರಂತೆ... "ಇದರಲ್ಲಿ ಮೊದಲು ಮುಟ್ಟಿದೋರು ಗೆಲ್ಲಲ್ಲ ಅಮ್ಮಾ. ಚೆನ್ನಾಗಿ ಜಾರಿದೋರು ಗೆಲ್ತಾರೆ. ಕಾರು ಕೈತಪ್ಪಿ ಹೋಯ್ತು ಅಂತ ನೋಡೋರಿಗೆ ಅನ್ನಿಸ್ಬೇಕು, ಆದ್ರೆ ತಪ್ಪಿರಬಾರದು. ಮಜಾ ಇರೋದೇ ಅಲ್ಲಿ."

ಅದು ನನ್ನ ಮಾತು. ಒಂದಕ್ಷರ ಬಿಡದೆ ನನ್ನದು. ಅಮ್ಮ ಅವಳ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಮಾರ್ಚ್ 10

ಆಯ್ಕೆ ಸುತ್ತು. ಒಂದು ಕಾರಿಗೆ ಓಡಿಸುವವರು ಒಬ್ಬರೇ. ಅವಳಿಗೆ 91, ನನಗೆ 74. ತಿರುವಿನ ಟಾರು ಸರಿಯಿಲ್ಲ ಎಂದೆ. ಟೈರ್ ಅಂಗಡಿಯವನು ಬಿಡುತ್ತಾನೆಯೇ? "ಕುಣಿಯಲಾರದವನಿಗೆ ನೆಲ ಡೊಂಕು! ನಿಮ್ಮಾಟದಲ್ಲಿ ಎಲ್ಲಾ ಡೊಂಕೇ ಅಲ್ವೇನಪ್ಪಾ?" ಎಲ್ಲರೂ ನಕ್ಕರು. ತಂಗಿ ನಗಲಿಲ್ಲ. ಅದಕ್ಕೇ ಹೆಚ್ಚು ಉರಿಯಿತು.

ಹೊಟ್ಟೆಕಿಚ್ಚು. ಹೌದು, ಅದೇ.

ಮಾರ್ಚ್ 17, ಬೆಳಿಗ್ಗೆ 9.40

ಪಂದ್ಯ. ಎರಡೆರಡು ಕಾರು ಒಟ್ಟಿಗೆ, ಹಿಂದಿನದು ಮುಂದಿನದಕ್ಕೆ ಹತ್ತಿರ ಜಾರಿದಷ್ಟೂ ಅಂಕ. ಬಯಲು ಮೈದಾನ, ಸುತ್ತ ಬರೀ ಪ್ಲಾಸ್ಟಿಕ್ ಕೋನ್. ಗೋಡೆ ಇಲ್ಲ, ಪೆಟ್ಟಾಗುವುದಿಲ್ಲ. ಹಿಂದಿನ ಟೈರುಗಳ ಗಾಳಿ ಇಳಿಸಿದೆ. 38 ಪೌಂಡ್ ಇದ್ದದ್ದು ಈಗ 24. ಗಾಳಿ ಇಳಿದರೆ ಟೈರು ನೆಲ ಕಚ್ಚುತ್ತದೆ, ಜಾರುತ್ತಿರುವ ಕಾರು ನಡುವೆಯೇ ನೆಟ್ಟಗಾಗಿ ಹೊರಗೆ ಓಡುತ್ತದೆ. ನಾಲ್ಕು ಜನರ ಮುಂದೆ ಒಮ್ಮೆ ನಗೆಪಾಟಲಾಗಲಿ. ಅಷ್ಟೇ.

ಮಧ್ಯಾಹ್ನ 1.15

ಗೆದ್ದಳು.

ಮೊದಲ ತಿರುವಿನಲ್ಲಿ ಕಾರು ನೆಟ್ಟಗಾಯಿತು, ಹೌದು. ರೆಪ್ಪೆ ಮಿಟುಕಿಸುವಷ್ಟರಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಮತ್ತೆ ಅಡ್ಡ ಮಾಡಿದಳು. ಆಮೇಲೆ ಮುಂದಿನ ಕಾರಿನ ಬಾಗಿಲಿಗೆ ಅಂಟಿಕೊಂಡೇ ಹೋದಳು. ಇಳಿದವಳೇ ಗೇಜ್ ಹಿಡಿದು ಟೈರಿನ ಗಾಳಿ ಅಳೆದಳು. ಮೈಕಿನಲ್ಲಿ ಹೇಳುತ್ತಾಳೆ, "ಗಾಳಿ ಇಳಿಸಿದ್ದು ನಮ್ಮಣ್ಣ. ಅದಕ್ಕೇ ಅಷ್ಟು ಹತ್ರ ಹೋಗೋಕಾಯ್ತು. ನಂಗೂ ಹೇಳಿರ್ಲಿಲ್ಲ, ಅವನು ಹಾಗೇ."

ಚಪ್ಪಾಳೆ. ನನಗೆ! ನಾಚಿಕೆಯಾಗಬೇಕಿತ್ತು. ನನ್ನ ಕೇಡನ್ನೂ ಅವಳೇ ಗೆದ್ದಳಲ್ಲ ಎಂದು ಮೈಯೆಲ್ಲ ಉರಿಯಿತು.

ಏಪ್ರಿಲ್ 6

ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ನಾಳೆ ಫೈನಲ್. ಟ್ರ್ಯಾಕ್ ನೋಡಿ ಬಂದೆವು. ತಿರುವಿನ ಹೊರಗೆ ಉದ್ದಕ್ಕೂ ಕಾಂಕ್ರೀಟ್ ಗೋಡೆ. ವೇಗ ಎರಡರಷ್ಟು. ಅಲ್ಲಿ ಕಾರು ನೆಟ್ಟಗಾದರೆ ಸೀದಾ ಗೋಡೆಗೆ.

ಅವಳ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ: ಹಿಂದೆ 24, ಅಣ್ಣನ ಲೆಕ್ಕ.

"ನಾಳೆ 38 ಇಡೋಣ" ಎಂದೆ.

"ಯಾಕೆ?"

"ಸುಮ್ನೆ."

"ಗೆಲ್ಲೋ ಲೆಕ್ಕ ಮುಚ್ಚಿಡ್ತೀಯಾ? ಹೊಟ್ಟೆಕಿಚ್ಚಾ ನಿಂಗೆ?" ತಮಾಷೆಗೆ ಕೇಳಿದ್ದು. ಗೇಜ್ ಕಸಿದುಕೊಂಡು ಹೋದಳು.

ಏಪ್ರಿಲ್ 7, ಬೆಳಿಗ್ಗೆ 10.20

24. ಅವಳೇ ಇಟ್ಟುಕೊಂಡಿದ್ದಾಳೆ. ಬೇಡವೆಂದೆ. ಮತ್ತೆ ಬೇಡವೆಂದೆ. ಗೋಡೆ ಇದೆ ಎಂದೆ. ಹಾಗಾದರೆ ಅವತ್ತು ಯಾಕೆ ಇಳಿಸಿದೆ, ಕಾರಣ ಹೇಳು ಅನ್ನುತ್ತಾಳೆ. ಕಾರಣ ಒಂದೇ ಇರುವುದು.

10.31

ಇನ್ನೆರಡು ಕಾರು ಹೋದರೆ ಅವಳ ಸರದಿ. ಅವಳು ಗುದ್ದಿಕೊಂಡರೆ ಸೀಟು ನನ್ನದು ಎಂದು ಒಂದು ಕ್ಷಣ ಅನ್ನಿಸಿತು. ಥೂ.

ಕಿಟಕಿ ಬಡಿದೆ. ಹೆಲ್ಮೆಟ್ ತೆಗೆದಳು. "ಏನಣ್ಣಾ?" ಬಾನೆಟ್ ಮೇಲಿಟ್ಟು ಇದನ್ನು ಗೀಚುತ್ತಿದ್ದೇನೆ, ಅವಳು ನೋಡುತ್ತಿದ್ದಾಳೆ. ಪುಸ್ತಕವನ್ನೇ ಕೊಡುತ್ತೇನೆ. ಓದು ತಂಗೀ, ಮಾರ್ಚ್ ಹದಿನೇಳು. ಓದಿದ ಮೇಲೆ ಅಣ್ಣ ಅನ್ನು, ಬಿಡು, ಗಾಳಿ ಮಾತ್ರ ಮೂವತ್ತೆಂ—